ಗುರಿ ತಪ್ಪುವುದು ತಪ್ಪೆ?

ಆಟಗಳ ವಿಷಯದಲ್ಲಿ ನಾನು ಶುದ್ಧ ಪಾಮರ. ಚಿಕ್ಕಂದಿನಲ್ಲಿ ಗೋಲಿಯಾಡಿದ್ದುಂಟು, ಅದರಲ್ಲಿಯೂ ಗೆದ್ದ ಗೋಲಿಗಳಿಗಿಂತ ಕಳೆದುಕೊಂಡವೇ ಹೆಚ್ಚು. ಅಂಥವನು ಕೆನಡಾ ದೇಶದ ಫುಟ್‌ಬಾಲಿನ ಮಾತೆತ್ತಿದರೆ ಓದುಗರು ಹುಬ್ಬೇರಿಸುವುದು ಸಹಜ. ಇದಕ್ಕೆ ಕಾರಣ ನನ್ನ ತಮ್ಮ. ವ್ಯಾಂಕೂವರಿನಲ್ಲಿ ಕೆಲಸದಲ್ಲಿರುವ ಅವನು ರಜೆಯ ಮೇಲೆ ಬಂದಾಗ, ‘ಅಣ್ಣಾ, ಇದನ್ನೊಂದಿಷ್ಟು ನೋಡು’ ಎಂದು ಹಳೆಯ ಪಂದ್ಯಗಳ ಚಿತ್ರಗಳನ್ನು ತೋರಿಸಿದ. ಅವನ ಮನಸ್ಸು ನೋಯಿಸಬಾರದೆಂದು ಕುಳಿತವನು, ಅಡುಗೆಮನೆಯಿಂದ ಎರಡು ಸಲ ಕರೆ ಬಂದರೂ ಏಳಲಿಲ್ಲ.

ಇದು ನಮ್ಮ ಹುಡುಗರು ಆಡುವ ಫುಟ್‌ಬಾಲಲ್ಲ. ಚೆಂಡು ಮೊಟ್ಟೆಯಾಕಾರದ್ದು. ಅದನ್ನು ಕಂಕುಳಲ್ಲಿ ಅವುಚಿಕೊಂಡು ಓಡುತ್ತಾರೆ, ಕೈಯಿಂದ ಎಸೆಯುತ್ತಾರೆ, ಎದುರಾಳಿಯನ್ನು ಹಿಡಿದು ನೆಲಕ್ಕೆ ಕೆಡವುತ್ತಾರೆ. ಒಂದೊಂದು ಪಕ್ಷಕ್ಕೆ 12 ಮಂದಿ. ಹತ್ತು ಗಜ ಮುಂದೆ ಸಾಗುವುದಕ್ಕೆ ಮೂರು ಅವಕಾಶ. ಸಾಗಲಾರದೆ ನಿಂತಾಗ ಅಂಚಿನಲ್ಲಿ ಕಾಯುತ್ತಿರುವ ಒಬ್ಬನನ್ನು ಕರೆಯುತ್ತಾರೆ. ಜೊತೆಗಾರನೊಬ್ಬ ನೆಲಕ್ಕೆ ಊರಿ ಹಿಡಿದ ಚೆಂಡನ್ನು ಅವನು ಹದಿನೆಂಟೂವರೆ ಅಡಿ ಅಂತರದ ಎರಡು ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿನಿಂದ ಹಾಯುವಂತೆ ಒದೆಯಬೇಕು. ಹಾಯಿತೆ, ಮೂರು ಅಂಕ. ಇವನನ್ನು ಅಲ್ಲಿ ಕಿಕ್ಕರ್ ಎನ್ನುತ್ತಾರೆ. ನಾನು ಒದೆಗಾರ ಎಂದು ಕರೆದುಕೊಂಡಿದ್ದೇನೆ. ಉಳಿದವರು ಮೈಯೆಲ್ಲ ಕೆಸರು ಮಾಡಿಕೊಂಡು ಹೆಣಗುತ್ತಿರುವಾಗ ಇವನ ಬಟ್ಟೆಗೆ ಕಲೆಯಿರುವುದಿಲ್ಲ. ಆದರೆ ಅವರೆಲ್ಲರ ಬೆವರಿಗೆ ಬೆಲೆ ಕಟ್ಟುವ ಕ್ಷಣ ಬಂದಾಗ ಎಲ್ಲರ ಕಣ್ಣೂ ಇವನ ಕಾಲಿನ ಮೇಲೆ.

ಈ ವೃತ್ತಿಯ ಹಿರಿಯ ಲೂಯಿ ಪಸಾಗ್ಲಿಯಾ. 1954ರಲ್ಲಿ ವ್ಯಾಂಕೂವರಿನಲ್ಲಿಯೇ ಹುಟ್ಟಿದ ಆತ 1976ರಿಂದ 2000ದವರೆಗೆ, ಇಪ್ಪತ್ತೈದು ವರ್ಷ, ತನ್ನೂರಿನ ಬಿ.ಸಿ. ಲಯನ್ಸ್ ಎಂಬ ಒಂದೇ ತಂಡಕ್ಕೆ ಆಡಿದ. ಗಳಿಸಿದ ಅಂಕಗಳು 3,991. ಕಂಬಗಳ ಕಡೆಗೆ ಆತ ಒದೆದದ್ದು 1,203 ಸಲ. ಹಾಯ್ದದ್ದು 875 ಸಲ. ಎಂದರೆ, ಆ ಕಸುಬಿನಲ್ಲಿ ಹೆಸರಾದವನು ಮುನ್ನೂರಕ್ಕೂ ಹೆಚ್ಚು ಸಲ, ಸಾವಿರಾರು ಜನರ ಕಣ್ಣೆದುರಿಗೆ, ಗುರಿ ತಪ್ಪಿದ್ದಾನೆ.

ನಾನು ನೋಡಿದ್ದು 1994ರ ನವೆಂಬರಿನ ಗ್ರೇ ಕಪ್ ಪಂದ್ಯ. ಆ ದೇಶದಲ್ಲಿ ವರ್ಷದ ಪ್ರಶಸ್ತಿಗಾಗಿ ಆಡುವ ಕೊನೆಯ ಪಂದ್ಯ ಅದು. ಎದುರಾಳಿ ಅಮೆರಿಕದ ಬಾಲ್ಟಿಮೋರ್ ನಗರದ ತಂಡ. ಗಡಿಯಾಚೆಯವರು ಆ ಪಂದ್ಯಕ್ಕೆ ಬಂದುದು ಅದೇ ಮೊದಲು. ಪಂದ್ಯ ವ್ಯಾಂಕೂವರಿನಲ್ಲಿಯೇ, ನೆರೆದವರು ಐವತ್ತೈದು ಸಾವಿರ. ಅಂಕಗಳು 23-23. ಇನ್ನೊಂದು ನಿಮಿಷದ ಆಟ ಉಳಿದಿರುವಾಗ ನಲವತ್ತು ವರ್ಷದ ಪಸಾಗ್ಲಿಯಾ ಗೆಲುವಿಗಾಗಿ ಒದೆದ, ತಪ್ಪಿತು. ಹುಟ್ಟಿದೂರು, ನೆಂಟರಿಷ್ಟರು, ಹತ್ತೊಂಬತ್ತು ವರ್ಷದ ಕಸುಬು ಎಲ್ಲದರ ಎದುರಿಗೂ ತಪ್ಪಿತು. ಆದರೆ ಅವನ ಕಡೆಯವರು ಎದುರಾಳಿಯನ್ನು ತಡೆದು ಚೆಂಡನ್ನು ಮರಳಿ ಪಡೆದರು. ಪಂದ್ಯದ ಕಟ್ಟಕಡೆಯ ಒದೆತಕ್ಕೆ ಆತ ಮತ್ತೆ ಬಂದು ನಿಂತ. ದೂರ 38 ಗಜ. ಒದೆದ, ಹಾಯಿತು, ಗೆದ್ದರು, 26-23.

ಆ ಎರಡು ಒದೆತಗಳ ನಡುವೆ ಅವನ ಮನಸ್ಸಿನಲ್ಲೇನಿತ್ತೋ ನಾನು ಬಲ್ಲೆನೆ? ಕಾಲಂತೂ ನಡುಗಲಿಲ್ಲ. ಮೊದಲನೆಯದನ್ನು ಎದೆಯಲ್ಲಿ ಹೊತ್ತುಕೊಂಡು ಎರಡನೆಯದನ್ನು ಹಾಗೆ ಒದೆಯುವುದು ಸಾಧ್ಯವೆಂದು ನನಗೆ ತೋರಲಿಲ್ಲ. ಅದನ್ನು ಎಲ್ಲಿಯೋ ಕೆಳಗಿಳಿಸಿ ಬಂದಿರಬೇಕು. ಅಲ್ಲಿಯೇ ನನಗೊಂದು ತೊಡಕು ಹುಟ್ಟಿತು. ಪಶ್ಚಾತ್ತಾಪವನ್ನು ನಾವು ಸದ್ಗುಣವೆನ್ನುತ್ತೇವೆ. ತಪ್ಪನ್ನು ಮರೆತವನನ್ನು ಭಂಡನೆನ್ನುತ್ತೇವೆ. ಇಲ್ಲಿಯೋ, ಮರೆಯುವುದೇ ಕರ್ತವ್ಯ. ಹಾಗಾದರೆ ಯಾವುದನ್ನು ಮರೆಯಬೇಕು, ಯಾವುದನ್ನು ಮರೆಯಬಾರದು?

ನಮ್ಮ ನುಡಿ ಈ ತೊಡಕನ್ನು ಒಂದೇ ಮಾತಿನಲ್ಲಿ ಕಟ್ಟಿಟ್ಟಿದೆ. ‘ತಪ್ಪು’ ಎನ್ನುತ್ತೇವೆ. ಬಸ್ಸು ತಪ್ಪಿತು, ಲೆಕ್ಕ ತಪ್ಪಿತು, ದಾರಿ ತಪ್ಪಿತು, ಗುರಿ ತಪ್ಪಿತು. ಮಾತಿಗೆ ತಪ್ಪಿದ, ತಪ್ಪು ಮಾಡಿದ, ತಪ್ಪೊಪ್ಪಿಕೊಂಡ. ಕೈಜಾರಿದ್ದಕ್ಕೂ ಕೈಯಾರೆ ಮಾಡಿದ್ದಕ್ಕೂ ಒಂದೇ ಬೇರಿನ ಮಾತು. ತರಗತಿಯಲ್ಲಿ ಇದನ್ನು ಹೇಳಿ ಕನ್ನಡದ ಸೊಗಸೆಂದು ಮೆಚ್ಚಿಕೊಂಡವನು ನಾನೇ. ಆದರೆ ಬದುಕಿನಲ್ಲಿ ಇವೆರಡನ್ನೂ ಬಿಡಿಸಿ ನೋಡದಿದ್ದರೆ ದೊಡ್ಡ ಅನ್ಯಾಯವಾಗುತ್ತದೆ.

ಪಾಲ್ ಮೆಕ್ಯಾಲಮ್ ಎಂಬ ಇನ್ನೊಬ್ಬ ಒದೆಗಾರನಿಗೆ ಆದದ್ದು ಇಂಥ ಅನ್ಯಾಯವೇ. ಆತ ಸಸ್ಕ್ಯಾಚವಾನ್ ತಂಡದವನು. 2001ರಲ್ಲಿ 62 ಗಜ ದೂರದಿಂದ ಚೆಂಡನ್ನು ಕಂಬಗಳ ನಡುವೆ ಹಾಯಿಸಿ ದಾಖಲೆ ಮಾಡಿದ್ದ. 2004ರ ನವೆಂಬರಿನಲ್ಲಿ, ಗ್ರೇ ಕಪ್ಪಿಗೆ ಹೋಗುವವರಾರೆಂದು ಗೊತ್ತಾಗುವ ಪಂದ್ಯದ ಹೆಚ್ಚುವರಿ ಆಟದಲ್ಲಿ, ಬರೀ 18 ಗಜದಿಂದ ಒದೆದ, ತಪ್ಪಿತು. ಆ ಆಟದ ಅಂದಿನ ನಿಯಮದಲ್ಲಿ ಒಂದು ಔದಾರ್ಯವಿತ್ತು: ಗುರಿ ತಪ್ಪಿದ ಚೆಂಡು ಗೆರೆಯಾಚೆ ಉಳಿದು, ಎದುರಾಳಿ ಅದನ್ನು ಹೊರಗೆ ತರಲಾರದೆ ಹೋದರೆ, ಒದೆದವನ ಪಕ್ಷಕ್ಕೂ ಒಂದು ಅಂಕ. ಆ ಒಂದು ಅಂಕ ಬಂತು. ಎದುರಾಳಿಗಳ ಮೂರಂಕ ಅದನ್ನು ಮುಳುಗಿಸಿತು. ಸೋಲು, 27-25. ಆಟದ ನಿಯಮಕ್ಕಿದ್ದ ಔದಾರ್ಯ ನೋಡಿದವರಿಗಿರಲಿಲ್ಲ. ಆತನ ಮನೆಗೆ ಮೊಟ್ಟೆ ಹೊಡೆದರು. ಮನೆಯವರಿಗೆ ಬೆದರಿಕೆ ಹಾಕಿದರು. ಇನ್ನೊಬ್ಬ ಮಹಾಶಯ ಸಗಣಿಗೊಬ್ಬರ ತಂದು ಸುರಿದದ್ದು ಪಕ್ಕದ ಮನೆಯ ಅಂಗಳಕ್ಕೆ. ಹದಿನೆಂಟು ಗಜದಿಂದ ತಪ್ಪಿದವನನ್ನು ದಂಡಿಸಹೊರಟವನ ಗುರಿಯೂ ತಪ್ಪಿತ್ತು!

‘ಅವನಿಗೆ ಸಂಬಳ ಕೊಡುವುದೇ ಒದೆಯುವುದಕ್ಕಲ್ಲವೆ?’ ಎಂದು ಕೇಳುವವರಿದ್ದಾರೆ. ಕೇಳತಕ್ಕದ್ದೇ. ಅಭ್ಯಾಸಕ್ಕೆ ಹೋಗದೆ ಮಲಗಿದ್ದರೆ, ಅಸಡ್ಡೆಯಿಂದ ಒದೆದಿದ್ದರೆ, ಅದು ತಪ್ಪು. ಅದಕ್ಕೆ ಅವನು ಉತ್ತರ ಹೇಳಬೇಕು. ಎಲ್ಲವನ್ನೂ ಸರಿಯಾಗಿ ಮಾಡಿಯೂ ಚೆಂಡು ನಾಲ್ಕಂಗುಲ ಆಚೆ ಹೋದರೆ ಅದು ತಪ್ಪಿದ್ದು, ಅಷ್ಟೆ. ಇದೇ ಮೆಕ್ಯಾಲಮ್ ಮುಂದೆ ತನ್ನನ್ನು ಸೋಲಿಸಿದ್ದ ಲಯನ್ಸ್ ತಂಡವನ್ನೇ ಸೇರಿ, 2006ರ ಗ್ರೇ ಕಪ್ ಪಂದ್ಯದಲ್ಲಿ ಆರು ಸಲ ಚೆಂಡನ್ನು ಹಾಯಿಸಿದ. ತಂಡ 25-14ರಿಂದ ಗೆದ್ದಿತು. ಗೆದ್ದದ್ದರಿಂದ ಆತ ಒಳ್ಳೆಯವನಾದನೆಂದು ನಾನು ಹೇಳುತ್ತಿಲ್ಲ. ಆ ಆರೂ ತಪ್ಪಿದ್ದರೂ ಆತ ಕೆಟ್ಟವನಾಗುತ್ತಿರಲಿಲ್ಲ.

ಫಲದ ಆಸೆ ಬಿಟ್ಟು ಕೆಲಸ ಮಾಡೆಂಬ ಗೀತೆಯ ಉಪದೇಶವನ್ನು ಇಲ್ಲಿ ತಂದು ಮಾತನ್ನು ಮುಗಿಸಿಬಿಡಬಹುದು. ನಮ್ಮಲ್ಲಿ ಎಷ್ಟೋ ಪ್ರಶ್ನೆಗಳು ಹಾಗೆ ಉತ್ತರ ಕಾಣದೆಯೇ ಮುಗಿದುಹೋಗುತ್ತವೆ. ಆದರೆ ಒದೆಗಾರನ ಫಲ ಅವನೊಬ್ಬನದಲ್ಲ. ಜೊತೆಯವರ ಬೆವರೆಲ್ಲ ಅದರಲ್ಲಿದೆ. ಫಲವೇನಾದರೇನು ಎನ್ನುವ ಹಕ್ಕು ಅವನಿಗೆಲ್ಲಿಯದು? ನನಗೆ ತೋರುವುದು ಇಷ್ಟು: ಒದೆಯುವುದಕ್ಕೆ ಮುಂಚೆ ಫಲದ ಪೂರ್ತಿ ಹೊಣೆ ಹೊರಬೇಕು, ಚೆಂಡು ಕಾಲು ಬಿಟ್ಟ ಮೇಲೆ ಆ ಹೊಣೆಯನ್ನು ಇಳಿಸಬೇಕು. ನಮ್ಮಲ್ಲಿ ಬಹುಮಂದಿ ಮಾಡುವುದು ಇದಕ್ಕೆ ತಿರುಗುಮುರುಗು. ಮಾಡುವಾಗ ಉದಾಸೀನ, ಮಾಡಿದ ಮೇಲೆ ಕೊರಗು.

ತಮ್ಮ ಕೊನೆಯಲ್ಲಿ ತೋರಿಸಿದ್ದು 2009ರ ಗ್ರೇ ಕಪ್. ಮಾಂಟ್ರಿಯಲ್ ತಂಡದ ಡೇಮನ್ ಡುವಾಲ್ ಪಂದ್ಯದ ಕಡೆಯ ಗಳಿಗೆಯಲ್ಲಿ 43 ಗಜದಿಂದ ಒದೆದ, ತಪ್ಪಿತು. ಸಸ್ಕ್ಯಾಚವಾನಿನವರು ಗೆದ್ದೆವೆಂದು ಕುಣಿದರು. ಅಷ್ಟರಲ್ಲಿ ತೀರ್ಪುಗಾರರ ಸೂಚನೆ ಬಿತ್ತು: ಸಸ್ಕ್ಯಾಚವಾನಿನ ಕಡೆ ಅಂಕಣದಲ್ಲಿದ್ದವರು ಹನ್ನೆರಡಲ್ಲ, ಹದಿಮೂರು! ದಂಡವಾಗಿ ಹತ್ತು ಗಜ ಮುಂದೆ ಬಂದು ಮತ್ತೆ ಒದೆಯಲು ಅವಕಾಶ. 33 ಗಜದಿಂದ ಡುವಾಲ್ ಒದೆದ, ಹಾಯಿತು. 28-27.

ತಮ್ಮ ಕೈತಟ್ಟಿ ನಕ್ಕ. ನನಗೆ ನಗು ಬರಲಿಲ್ಲ. ಡುವಾಲನದು ತಪ್ಪಿದ್ದು; ಆ ಕಡೆಯವರದು ತಪ್ಪು. ಹನ್ನೆರಡರವರೆಗೆ ಎಣಿಸುವುದಕ್ಕೆ ದೈವಬಲ ಬೇಕಿಲ್ಲ, ಗಾಳಿಯ ಅನುಕೂಲ ಬೇಕಿಲ್ಲ, ಗಮನವೊಂದಿದ್ದರೆ ಸಾಕು. ಎಣಿಕೆಯ ತಪ್ಪೆಂದರೆ ನನ್ನ ಎದೆ ಅಳುಕುತ್ತದೆ. ಅದನ್ನು ಹೇಳುವುದಕ್ಕಾಗಿಯೇ ಇಷ್ಟು ಸುತ್ತಿ ಬಂದೆನೋ ಏನೋ.

ಹತ್ತು ವರ್ಷಗಳ ಹಿಂದೆ ಕಾಲೇಜಿನ ಮೊದಲ ವರ್ಷದ ಪರೀಕ್ಷೆಯಲ್ಲಿ ಒಬ್ಬ ಹುಡುಗ ಕನ್ನಡವೊಂದರಲ್ಲಿ ನಪಾಸಾದ. ಬೇಕಾದದ್ದು 35, ಬಂದದ್ದು 27. ಹಳ್ಳಿಯ ಹುಡುಗ, ಬಡವರ ಮನೆ. ‘ಓದಿದ್ದು ಸಾಕು’ ಎಂದರಂತೆ ಮನೆಯಲ್ಲಿ; ಕಾಲೇಜು ಬಿಟ್ಟ. ಮರುವರ್ಷ ಬೀರು ಖಾಲಿ ಮಾಡುವಾಗ ಹಳೆಯ ಉತ್ತರ ಪತ್ರಿಕೆಗಳ ಕಟ್ಟು ಕೈಗೆ ಬಂತು. ಸುಮ್ಮನೆ ತಿರುವಿದೆ. ಅವನ ಪತ್ರಿಕೆಯ ಕೊನೆಯ ಪುಟದಲ್ಲಿ ನಾನೇ ಕೊಟ್ಟಿದ್ದ 11 ಅಂಕಗಳನ್ನು ಮೊತ್ತಕ್ಕೆ ಸೇರಿಸಿರಲಿಲ್ಲ. ಅಂದು ಸಂಜೆ ಬಂಧುಗಳೊಬ್ಬರ ಮದುವೆಗೆ ಹೊರಡುವ ಆತುರದಲ್ಲಿ ಆ ಕಟ್ಟನ್ನು ಮುಗಿಸಿದ್ದು ನೆನಪಾಯಿತು. ಬಸ್ಸು ತಪ್ಪಲಿಲ್ಲ, ಲೆಕ್ಕ ತಪ್ಪಿತು.

ಕಟ್ಟಿಗೆ ಮತ್ತೆ ದಾರ ಸುತ್ತಿ ಒಳಗಿಟ್ಟೆ. ಯಾರಿಗೂ ಹೇಳಲಿಲ್ಲ. ನನ್ನ ಮನೆಗೆ ಯಾರೂ ಮೊಟ್ಟೆ ಹೊಡೆಯಲಿಲ್ಲ. ಐವತ್ತೈದು ಸಾವಿರ ಮಂದಿಯಿರಲಿ, ಒಂದು ಕಣ್ಣೂ ನನ್ನನ್ನು ನೋಡಲಿಲ್ಲ. ಅದೇ ವರ್ಷ ಕಾಲೇಜಿನ ಸಮಾರಂಭದಲ್ಲಿ ನನಗೆ ಹಾರ ಹಾಕಿ, ಶಿಷ್ಯವತ್ಸಲನೆಂದರು. ಲೋಕ ಕಂಡದ್ದನ್ನು ದಂಡಿಸುತ್ತದೆ. ಕಾಣದ್ದಕ್ಕೆ ಹಾರ ಹಾಕುತ್ತದೆ. ಮೆಕ್ಯಾಲಮ್ಮನ ಮನೆಗೆ ಬಿದ್ದ ಮೊಟ್ಟೆಗಳಲ್ಲಿ ಒಂದೆರಡು ನ್ಯಾಯವಾಗಿ ನನಗೆ ಸಲ್ಲಬೇಕಾದವು.

ಆಗಿನಿಂದ ಪ್ರತಿಯೊಂದು ಪತ್ರಿಕೆಯ ಅಂಕಗಳನ್ನೂ ಎರಡು ಸಲ ಕೂಡುತ್ತೇನೆ. ಅದರಿಂದ ಮುಂದಿನ ಹುಡುಗರಿಗೆ ಒಳ್ಳೆಯದಾಯಿತು, ನಿಜ. ಆ ಹುಡುಗನಿಗೇನಾಯಿತು? ಪಸಾಗ್ಲಿಯಾ ತನ್ನ ಮುನ್ನೂರು ಒದೆತಗಳನ್ನು ಮರೆತರೆ ಯಾರ ಸಾಲವೂ ಉಳಿಯುವುದಿಲ್ಲ. ನಾನು ಮರೆತರೆ ಒಬ್ಬನ ಸಾಲ ಉಳಿಯುತ್ತದೆ. ಮರೆಯಬಹುದಾದದ್ದಕ್ಕೂ ಮರೆಯಬಾರದ್ದಕ್ಕೂ ಇದಕ್ಕಿಂತ ಸರಳವಾದ ಗುರುತು ನನಗೆ ಸಿಕ್ಕಿಲ್ಲ.

ತಮ್ಮ ಊರಿಗೆ ಮರಳಿದ ಮೇಲೆ ಕಾಲೇಜಿನ ಹಳೆಯ ದಾಖಲಾತಿ ಪುಸ್ತಕ ತರಿಸಿ ನೋಡಿದೆ. ಹುಡುಗನ ಊರಿನ ಹೆಸರು ಅದರಲ್ಲಿದೆ. ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ಬರುವ ರಜೆಯಲ್ಲಿ ಹೋಗಿಬರುತ್ತೇನೆ. ಈಗ ಅವನಿಗೂ ಇಪ್ಪತ್ತೇಳೋ ಇಪ್ಪತ್ತೆಂಟೋ ಆಗಿರಬೇಕು. ಎದುರಿಗೆ ನಿಂತು ಏನು ಹೇಳಬೇಕೆಂದು ಇನ್ನೂ ಹೊಳೆದಿಲ್ಲ. ನೀನು ಪಾಸಾಗಿದ್ದೆ ಎಂಬುದನ್ನಂತೂ ಹೇಳಬೇಕು.