ಶುದ್ಧ ಆಹಾರ, ಎಳೆಯ ಗಂಟಲು

ಎಲ್ಲ ಧರ್ಮದವರೂ ಶುದ್ಧವೆಂದು ಒಪ್ಪುವ ಆಹಾರವನ್ನು ಪರರ ಮನೆಯ ಎರಡು ವರ್ಷದ ಮಗುವಿನ ಕೈಗಿಟ್ಟರೆ, ಕೊಟ್ಟವರ ಧರ್ಮ ಅಲ್ಲಿಗೆ ಪೂರೈಸಿತೇ? ದೆಹಲಿಯ ವಸಂತ್ ಕುಂಜ್‌ನಂಥ ಬಡಾವಣೆಯಲ್ಲಿ ಈ ಪ್ರಶ್ನೆ ದಿನವೂ ಏಳುತ್ತದೆ, ಮಕ್ಕಳು ಮಧ್ಯಾಹ್ನದ ನಿದ್ದೆ ಮುಗಿಸಿ ತಿನ್ನಲು ಏನಾದರೂ ಕೇಳುವ ಹೊತ್ತಿಗೆ. ದೆಹಲಿ ಅಭಿವೃದ್ಧಿ ಪ್ರಾಧಿಕಾರದ (ಡಿಡಿಎ) ಫ್ಲ್ಯಾಟುಗಳ ಈ ಸೆಕ್ಟರುಗಳಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳು ಬಹಳ. ಅಜ್ಜ ಅಜ್ಜಿಯರು ಧಾರವಾಡದಲ್ಲೋ ಪಟ್ನಾದಲ್ಲೋ ಕೊಟ್ಟಾಯಂನಲ್ಲೋ ಉಳಿದಿರುತ್ತಾರೆ. ಹಾಗಾಗಿ ನೆಲಮಹಡಿಯ ಮನೆಯೊಂದರಲ್ಲಿ ಒಬ್ಬ ಗೃಹಿಣಿ, ಸಹಾಯಕ್ಕೊಬ್ಬ ಆಯಾ, ಐದಾರು ಮಕ್ಕಳು: ಇದೇ ಮನೆ ಡೇಕೇರ್. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಕ್ರೆಷ್ ಸೌಲಭ್ಯ ಕೊಡಬೇಕೆಂದು ಹೇಳಿತು. ಮನೆಯೊಳಗೆ ಐದಾರು ಮಕ್ಕಳನ್ನು ನೋಡಿಕೊಳ್ಳುವ ಹೆಂಗಸಿಗೆ ಆ ಕಾಯ್ದೆ ಏನನ್ನೂ ಹೇಳಲಿಲ್ಲ. ಮಕ್ಕಳ ತಟ್ಟೆಯಲ್ಲಿ ಏನಿರಬೇಕೆಂಬುದನ್ನು ಅವಳ ವಿವೇಕವೇ ತೀರ್ಮಾನಿಸಬೇಕು. ಆ ವಿವೇಕಕ್ಕೆ ಒಂದು ಕಷ್ಟವೂ ಇದೆ. ಜೈನ ಮನೆಯ ಮಗುವಿಗೆ ಆಲೂಗಡ್ಡೆ ಆಗದು, ಇನ್ನೊಂದಕ್ಕೆ ಮೊಟ್ಟೆ ಆಗದು, ನವರಾತ್ರಿ ಬಂದರೆ ಕೆಲವರ ಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ನಿಲ್ಲುತ್ತದೆ, ಮುಸ್ಲಿಂ ಕುಟುಂಬಕ್ಕೆ ತನ್ನದೇ ನಿಯಮಗಳಿವೆ. ಎಲ್ಲರನ್ನೂ ಒಂದೇ ಬಟ್ಟಲಿನಿಂದ ತೃಪ್ತಿಪಡಿಸುವುದು ಯಾವುದು? ಒಂದು ಹಿಡಿ ಕಿಸ್ಮಿಸ್, ಎರಡು ಖರ್ಜೂರ.

ಈ ಆಯ್ಕೆಯ ಹಿಂದೆ ದೊಡ್ಡ ಸಂಪ್ರದಾಯವೇ ಇದೆ. ಬೇಯಿಸಿದ ಅನ್ನವನ್ನು ಯಾರ ಕೈಯಿಂದ ಪಡೆಯಬಹುದು, ಯಾರ ಕೈಯಿಂದ ಪಡೆಯಬಾರದು ಎಂದು ಜಾತಿಜಾತಿಗೂ ಗೆರೆ ಎಳೆದುಕೊಂಡ ಸಮಾಜ ನಮ್ಮದು. ಒಣಹಣ್ಣು ಆ ಗೆರೆಗಳನ್ನು ಸುಲಭವಾಗಿ ದಾಟಿತು, ಏಕೆಂದರೆ ಅದಕ್ಕೆ ಒಲೆ ಬೇಡ, ನೀರು ಬೇಡ, ಉಪ್ಪು ಬೇಡ. ಏಕಾದಶಿಯ ಫಲಾಹಾರಕ್ಕೆ ಅದು ಸಲ್ಲುತ್ತದೆ. ರಮ್ಜಾನಿನ ಇಫ್ತಾರ್ ಖರ್ಜೂರದಿಂದ ಆರಂಭವಾಗುತ್ತದೆ. ವೈಷ್ಣೋದೇವಿಯ ಪ್ರಸಾದದ ಪೊಟ್ಟಣದಲ್ಲಿ ಅಕ್ರೋಟು, ಕಲ್ಲುಸಕ್ಕರೆ ಇರುತ್ತವೆ. ನಮ್ಮ ಕಡೆ ಪಂಚಕಜ್ಜಾಯಕ್ಕೂ ಸಜ್ಜಿಗೆಗೂ ದ್ರಾಕ್ಷಿ ಗೋಡಂಬಿ ಬೀಳುತ್ತವೆ. ದೀಪಾವಳಿ ಬಂತೆಂದರೆ ಹಳೆ ದೆಹಲಿಯ ಮಾರುಕಟ್ಟೆ ಖಾರಿ ಬಾವ್ಲಿಯ ಅಂಗಡಿಗಳಿಂದ ಒಣಹಣ್ಣಿನ ಮೇವಾ ಡಬ್ಬಿಗಳು ದೆಹಲಿಯ ಮನೆಮನೆಗೂ ಹೊರಡುತ್ತವೆ. ಜೈನರಲ್ಲಿ ಮಾತ್ರ ಚಾತುರ್ಮಾಸ್ಯದಲ್ಲಿ ಒಣಹಣ್ಣನ್ನು ಬಿಡುವ ಶ್ವೇತಾಂಬರ ಕುಟುಂಬಗಳಿವೆ, ಮಳೆಗಾಲದಲ್ಲಿ ಅದರೊಳಗೆ ಹುಳು ಹುಟ್ಟುತ್ತದೆಂಬ ಕಾರಣಕ್ಕೆ. ಗಮನಿಸಬೇಕಾದ ಅಪವಾದ ಇದು: ವಸ್ತು ಅದೇ ಆದರೂ ಕಾಲ ಬದಲಾದಾಗ ಅದರ ಯೋಗ್ಯತೆ ಬದಲಾಯಿತೆಂದು ಒಂದು ಧರ್ಮ ಇಲ್ಲಿ ಒಪ್ಪಿದೆ.

ಈಗ ಉಣ್ಣುವ ಮಗುವಿನ ಕಡೆ ನೋಡೋಣ. ಅರೆಯುವ ಹಿಂದಿನ ದವಡೆಹಲ್ಲುಗಳು ಪೂರ್ತಿ ಬರುವುದು ಸುಮಾರು 23ರಿಂದ 33 ತಿಂಗಳ ನಡುವೆ. ಬಂದ ಮೇಲೂ ಅಗಿಯುವುದು, ನುಂಗುವುದು, ಉಸಿರಾಡುವುದು ಈ ಮೂರರ ಹೊಂದಾಣಿಕೆ ಪಳಗಲು ವರ್ಷಗಳು ಬೇಕು. ಶ್ವಾಸನಾಳ ಕಿರಿದು, ಕೆಮ್ಮಿನ ಬಲ ಕಡಿಮೆ. ವಿಜಯಪುರದ ತೋಟಗಳಲ್ಲಿ ದ್ರಾಕ್ಷಿಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆಯ ದ್ರಾವಣದಲ್ಲಿ ಅದ್ದಿ, ನೆರಳಿನ ಚಪ್ಪರದ ಅಟ್ಟಣಿಗೆಗಳ ಮೇಲೆ ಎರಡು ವಾರದಷ್ಟು ಒಣಗಿಸುತ್ತಾರೆ. ಹಣ್ಣಿನ ನೀರು ಬಹುಪಾಲು ಹೋಗಿ, 100 ಗ್ರಾಂ ತಾಜಾ ದ್ರಾಕ್ಷಿಯಲ್ಲಿ ಸುಮಾರು 16 ಗ್ರಾಂ ಇದ್ದ ಸಕ್ಕರೆ ಅಷ್ಟೇ ತೂಕದ ಒಣದ್ರಾಕ್ಷಿಯಲ್ಲಿ 60 ಗ್ರಾಂ ಮುಟ್ಟುತ್ತದೆ. ಉಳಿಯುವುದು ಅಂಟುವ, ಹಿಗ್ಗುವ, ಜಗಿದಷ್ಟೂ ಜಗ್ಗುವ ಒಂದು ತುಣುಕು. ದೊಡ್ಡವರಿಗೆ ರುಚಿ ಎನಿಸುವ ಗುಣಗಳೇ ಹಸುಳೆಯ ಗಂಟಲಿಗೆ ಅಪಾಯ. ಅಮೆರಿಕದ ಸಿಡಿಸಿ ಸಂಸ್ಥೆ ಎಳೆಯ ಮಕ್ಕಳಿಗೆ ಉಸಿರುಗಟ್ಟಿಸಬಹುದಾದ ಆಹಾರಗಳ ಪಟ್ಟಿಯಲ್ಲಿ ಒಣದ್ರಾಕ್ಷಿಯನ್ನು ಹೆಸರಿಸಿಯೇ ಸೇರಿಸಿದೆ. ಒಣಹಣ್ಣಿನ ಜೊತೆ ಒಂದೇ ಡಬ್ಬಿಯಲ್ಲಿ ಬರುವ ಬಾದಾಮಿ, ಕಡಲೇಕಾಯಿಗಳ ವಿಷಯ ಇನ್ನೂ ಕಠಿಣ. ನಮ್ಮ ದೇಶದ ವೈದ್ಯರು ಚಿಕ್ಕಮಕ್ಕಳ ಶ್ವಾಸನಾಳದಿಂದ ಹೊರತೆಗೆಯುವ ವಸ್ತುಗಳಲ್ಲಿ ಕಡಲೇಕಾಯಿಯೇ ಮೊದಲ ಸಾಲಿನದು. ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಳ್ಳುವ ಸಿಹಿ, ಬಣ್ಣ ಕೆಡದಂತೆ ಹೊಂಬಣ್ಣದ ದ್ರಾಕ್ಷಿಗೆ ಹಾಯಿಸುವ ಗಂಧಕದ ಹೊಗೆಯಿಂದ ಆಸ್ತಮಾ ಇರುವ ಮಕ್ಕಳಿಗೆ ಆಗಬಹುದಾದ ತೊಂದರೆ, ಇವು ಎರಡನೆಯ ಸಾಲಿನ ಮಾತು. ಉಸಿರಿನ ಮಾತೇ ಮೊದಲನೆಯದು.

ಹಾಗಾದರೆ ಹೆಚ್ಚುಕಡಿಮೆ ಎಲ್ಲ ಧರ್ಮಗಳ ಪರೀಕ್ಷೆಯಲ್ಲೂ ತೇರ್ಗಡೆಯಾದ ವಸ್ತು ಮಗುವಿನ ಪರೀಕ್ಷೆಯಲ್ಲಿ ಸೋತದ್ದು ಹೇಗೆ? ನಾವು ಪರೀಕ್ಷಿಸಿದ್ದು ವಸ್ತುವನ್ನು ಮಾತ್ರ, ಅದಕ್ಕೆ. ನನ್ನ ವಾದ ಇಷ್ಟು: ಆಹಾರದ ಶುದ್ಧಿ ವಸ್ತುವಿನಲ್ಲಿ ಇರುವ ಗುಣವಲ್ಲ, ವಸ್ತುವಿಗೂ ಉಣ್ಣುವವರಿಗೂ ನಡುವಿನ ಹೊಂದಿಕೆ, ಆ ಹೊಂದಿಕೆ ನೋಡದೆ ಕೊಟ್ಟ ಆಹಾರ ಎಷ್ಟೇ ಪವಿತ್ರವಾಗಿದ್ದರೂ ಧರ್ಮದ ಲೆಕ್ಕದಲ್ಲಿ ಅದು ಅರ್ಧ ದಾನ. ಇದು ಹೊರಗಿನಿಂದ ತಂದ ಹೊಸ ಮಾತಲ್ಲ. ಚರಕಸಂಹಿತೆಯ ವಿಮಾನಸ್ಥಾನ ಆಹಾರದ ಹಿತಾಹಿತವನ್ನು ನಿರ್ಣಯಿಸಲು ಎಂಟು ಅಂಶಗಳನ್ನು ಹೇಳುತ್ತದೆ. ವಸ್ತುವಿನ ಸ್ವಭಾವ ಅದರಲ್ಲಿ ಒಂದು ಮಾತ್ರ. ಸಂಸ್ಕಾರ, ಸಂಯೋಗ, ಪ್ರಮಾಣ, ದೇಶ, ಕಾಲ, ಉಣ್ಣುವ ಕ್ರಮ ಇವುಗಳ ನಂತರ ಎಂಟನೆಯದಾಗಿ ಬರುವುದು ಉಣ್ಣುವ ವ್ಯಕ್ತಿ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯವೂ ದಾನಕ್ಕೆ ಸಾತ್ವಿಕತೆ ಬರುವುದು ದೇಶ, ಕಾಲ, ಪಾತ್ರ ಮೂರನ್ನೂ ನೋಡಿ ಕೊಟ್ಟಾಗ ಎನ್ನುತ್ತದೆ. ಪಾತ್ರವೆಂದರೆ ಪಡೆಯುವವರ ಯೋಗ್ಯತೆ ಎಂದಷ್ಟೇ ಓದಿಕೊಂಡು ಬಂದಿದ್ದೇವೆ. ಪಡೆಯುವವರ ಶಕ್ತಿ, ಅಂದರೆ ಅದನ್ನು ಅರಗಿಸಿಕೊಳ್ಳುವ ಸ್ಥಿತಿ ಎಂದೂ ಓದಬೇಕು ಎಂದು ನನಗನಿಸುತ್ತದೆ. ಮಗುವಿನ ವಿಷಯದಲ್ಲಂತೂ ಬೇರೆ ಓದು ಸಾಧ್ಯವೇ ಇಲ್ಲ. ವಸ್ತುವನ್ನಷ್ಟೇ ನೋಡುವ ಈ ತೊಡಕು ಇಂದಿನ ಆಡಳಿತದ ಲೆಕ್ಕದಲ್ಲೂ ಇದೆ. ಮನೆ ಡೇಕೇರ್‌ಗಳಿಗೆ ನೆರವು ಕೊಡುವ ಅಮೆರಿಕದ ಸರ್ಕಾರಿ ಆಹಾರ ಯೋಜನೆಯಲ್ಲಿ ಕಾಲು ಕಪ್ ಒಣಹಣ್ಣನ್ನು ಅರ್ಧ ಕಪ್ ಹಣ್ಣೆಂದು ಬರೆದುಕೊಳ್ಳಬಹುದು. ಅದೇ ಯೋಜನೆಯ ತರಬೇತಿ ಪಾಠದಲ್ಲಿ ನಾಲ್ಕು ವರ್ಷದೊಳಗಿನವರಿಗೆ ಒಣದ್ರಾಕ್ಷಿ ಬೇಡವೆಂಬ ಎಚ್ಚರಿಕೆಯೂ ಇದೆ. ಕಡತಕ್ಕೆ ಸಲ್ಲುವುದೆಲ್ಲ ಗಂಟಲಿಗೆ ಸಲ್ಲಬೇಕೆಂದಿಲ್ಲ.

ವಸಂತ್ ಕುಂಜ್‌ನ ಕನ್ನಡಿಗರಿಗೆ ಈ ವಿಚಾರ ಹತ್ತಿರದ್ದಾಗಲು ಇನ್ನೊಂದು ಕಾರಣ ಇದೆ. ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಅದಮಾರು ಮಠದ ಶಿಕ್ಷಣ ಸಂಸ್ಥೆ ನಡೆಸುವ ಪೂರ್ಣಪ್ರಜ್ಞ ಶಾಲೆ ಇದೇ ಬಡಾವಣೆಯಲ್ಲಿದೆ, ಪೇಜಾವರ ಮಠದ ಶಾಖೆಯೂ ಇಲ್ಲಿದೆ. ಉಡುಪಿಯ ಕೃಷ್ಣನನ್ನು ಭಕ್ತರು ಅನ್ನಬ್ರಹ್ಮನೆಂದು ಕರೆಯುತ್ತಾರೆ. ಆ ಅನ್ನಬ್ರಹ್ಮ ಕೈಯಲ್ಲಿ ಕಡೆಗೋಲು ಹಗ್ಗ ಹಿಡಿದ ಬಾಲಕ. ಬೆಳೆದವರು ಕೂಸಿನ ರೂಪದ ದೇವರಿಗೆ ದಿನವೂ ಉಣಬಡಿಸುವ ಪೂಜೆ ಅದು. ಇತ್ತ ದೆಹಲಿಯಲ್ಲಿ ನವರಾತ್ರಿಯ ಅಷ್ಟಮಿಗೆ ಕಂಜಕ್ ಎಂದು ಪುಟ್ಟ ಹೆಣ್ಣುಮಕ್ಕಳನ್ನು ಕೂರಿಸಿ, ಕಾಲು ತೊಳೆದು, ಹಲ್ವ ಪೂರಿ ಕಡಲೆ ಬಡಿಸುತ್ತಾರೆ. ಮಗುವೇ ದೇವರೆಂದು ಒಪ್ಪಿದ ಮೇಲೆ ದೇವರ ಸೇವೆಯ ನಿಯಮ ಮಗುವಿಗೂ ಸಲ್ಲಬೇಕು. ನೈವೇದ್ಯಕ್ಕೆ ಅಕ್ಕಿ ಆರಿಸುವಾಗ, ಮಡಿಯಲ್ಲಿ ನೀರು ತರುವಾಗ ತೋರುವ ಎಚ್ಚರ ಎದುರಿಗೆ ಕೂತ, ನಿಜವಾಗಿ ನುಂಗುವ, ನಿಜವಾಗಿ ಕೆಮ್ಮುವ ದೇವರ ಮುಂದೆ ಸಡಿಲವಾಗಬಾರದು.

ಇನ್ನೂ ಗಟ್ಟಿ ಸಾಕ್ಷ್ಯ ಹಸುಳೆಗಳಿಗಾಗಿಯೇ ಇರುವ ಸಂಸ್ಕಾರಗಳಲ್ಲಿದೆ. ಅನ್ನಪ್ರಾಶನದಲ್ಲಿ ಮಗುವಿನ ನಾಲಿಗೆಗೆ ತಾಗುವುದು ನುಣ್ಣಗೆ ಬೆಂದ ಪಾಯಸ. ಮಕ್ಕಳ ವೈದ್ಯವನ್ನು ಹೇಳುವ ಕಾಶ್ಯಪಸಂಹಿತೆ ಆರನೆಯ ತಿಂಗಳಲ್ಲಿ ಫಲಪ್ರಾಶನವನ್ನೂ ಅನ್ನವನ್ನು ಅದಕ್ಕಿಂತ ತಡವಾಗಿಯೂ ವಿಧಿಸುತ್ತದೆ; ಹಲ್ಲಿಲ್ಲದ ಬಾಯಿಗೆ ಹಣ್ಣು ಹೋಗುವುದು ರಸವಾಗಿಯೇ ತಾನೆ. ಇಸ್ಲಾಮಿನ ತಹ್ನೀಕ್ ಸಂಪ್ರದಾಯದಲ್ಲಿ ಹಿರಿಯರು ಖರ್ಜೂರವನ್ನು ಅಗಿದು ಮೆತ್ತಗೆ ಮಾಡಿ ನವಜಾತ ಶಿಶುವಿನ ಅಂಗುಳಕ್ಕೆ ಸವರುತ್ತಾರೆ. ಖರ್ಜೂರವನ್ನು ಅಷ್ಟು ಗೌರವಿಸುವ ಧರ್ಮವೇ ಮಗುವಿನ ಬಳಿಗೆ ಬಂದಾಗ ಅದನ್ನು ಖರ್ಜೂರವಾಗಿ ಉಳಿಸುವುದಿಲ್ಲ. ಸಂಕ್ರಾಂತಿಯಲ್ಲಿ ನಾವು ಎಲಚಿ ಹಣ್ಣು, ಕಬ್ಬಿನ ಚೂರು, ಕಾಸುಗಳನ್ನು ಪುಟ್ಟ ಮಕ್ಕಳಿಗೆ ಎರೆಯುವುದು ತಲೆಯ ಮೇಲಿಂದ, ಬಾಯಿಗಲ್ಲ. ಹರಕೆ ಮೈಮೇಲೆ ಸುರಿದರೆ ಸಾಕು, ಬೀಜವಿರುವ ಹಣ್ಣು ಕೂಸಿನ ಹೊಟ್ಟೆ ಸೇರಬೇಕಿಲ್ಲ. ಈ ಆಚರಣೆಗಳನ್ನು ರೂಪಿಸಿದವರು ಶ್ವಾಸನಾಳದ ಅಳತೆ ತಿಳಿದವರಲ್ಲ, ಆದರೆ ಮಗುವನ್ನು ಕಂಡವರು.

ಇಲ್ಲೊಂದು ಆಕ್ಷೇಪ ಬಂದೇ ಬರುತ್ತದೆ, ಅದು ಹಗುರವಾದದ್ದೂ ಅಲ್ಲ. ತಾಯಿಯೊಬ್ಬಳು ವೈಷ್ಣೋದೇವಿಯಿಂದ ತಂದ ಪ್ರಸಾದವನ್ನು ಎಲ್ಲ ಮಕ್ಕಳಿಗೂ ಹಂಚಿ ಎಂದು ಕೊಟ್ಟು ಹೋಗುತ್ತಾಳೆ. ಬೇಡ ಎಂದರೆ ಪ್ರಸಾದಕ್ಕೆ ಅವಮಾನ, ಅವಳ ಶ್ರದ್ಧೆಗೂ ನೋವು. ಪ್ರಸಾದವನ್ನು ಪೌಷ್ಟಿಕಾಂಶದ ತಕ್ಕಡಿಯಲ್ಲಿ ತೂಗುವುದು ಭಕ್ತಿಗೆ ಒಪ್ಪುವ ಮಾತೇ? ಆದರೆ ಪ್ರಸಾದದ ಮಹಿಮೆ ಅದರ ಗಾತ್ರದಲ್ಲಾಗಲಿ ಗಟ್ಟಿತನದಲ್ಲಾಗಲಿ ಇದೆಯೆಂದು ಯಾವ ಭಕ್ತರೂ ಹೇಳಿಲ್ಲ. ಒಂದು ಉದ್ಧರಣೆ ತೀರ್ಥ ಸಾಕು, ಕಣ್ಣಿಗೊತ್ತಿಕೊಂಡರೂ ಸಾಕು ಎಂಬುದೇ ನಮ್ಮ ರೂಢಿ. ಯಜ್ಞದ ವಿಧಿಗಳಲ್ಲಿ ಒಂದಕ್ಷರವನ್ನೂ ಬಿಟ್ಟುಕೊಡದ ಮೀಮಾಂಸಕರೂ ಜೈಮಿನಿಸೂತ್ರದ ಆರನೆಯ ಅಧ್ಯಾಯದಲ್ಲಿ ಪ್ರತಿನಿಧಿ ದ್ರವ್ಯದ ಚರ್ಚೆ ಮಾಡಿದ್ದಾರೆ: ಸೋಮ ಸಿಗದಿದ್ದರೆ ಪೂತಿಕ ಬಳ್ಳಿ ಆದೀತು, ಕರ್ಮ ನಿಲ್ಲಬಾರದು. ಸೋಮಯಾಗದಲ್ಲೇ ದ್ರವ್ಯ ಬದಲಾಗಬಹುದಾದರೆ ಮಗುವಿನ ಪಾಲಿನ ಒಣದ್ರಾಕ್ಷಿ ನೆನೆದು ಅರೆದು ಗಂಜಿಯಾಗುವುದಕ್ಕೆ ಅಡ್ಡಿ ಏನು? ಪಂಚಾಮೃತದ ಜೇನಿನ ಬಗ್ಗೆಯೂ ಇದೇ ಮಾತು ಅನ್ವಯಿಸುತ್ತದೆ. ಒಂದು ವರ್ಷದೊಳಗಿನ ಶಿಶುವಿಗೆ ಜೇನು ಕೊಡಲೇಬಾರದು, ಬಾಟ್ಯುಲಿಸಂ ಎಂಬ ಮಾರಕವಾಗಬಹುದಾದ ವಿಷಬಾಧೆಯ ಭಯವಿದೆ. ಅಲ್ಲಿ ಅರೆದರೂ ಪ್ರಯೋಜನವಿಲ್ಲ, ಮಗುವಿನ ಹಣೆಗೆ ಗಂಧ ಹಚ್ಚಿ ಹರಸಿದರಾಯಿತು.

ಅಜ್ಜಿಯರು ಕೊಟ್ಟರಲ್ಲ, ಏನಾಯಿತು ಎನ್ನುವವರಿಗೆ ಉತ್ತರ ಬೇಗ ಹೇಳಬಹುದು. ಅಜ್ಜಿ ಉತ್ತುತ್ತೆಯನ್ನು ರಾತ್ರಿಯೇ ನೆನೆಹಾಕಿ, ತೇದು, ಒಂದೇ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೆರಳಿನಿಂದ ತಿನ್ನಿಸಿದಳು. ಐದು ಮಕ್ಕಳು ಓಡಾಡುತ್ತ, ನಗುತ್ತ, ಟಿವಿ ನೋಡುತ್ತ ಬಟ್ಟಲಿಗೆ ಕೈಹಾಕುವ ಕೋಣೆ ಆ ತೊಡೆಯಲ್ಲ. ಏನೂ ಆಗಲಿಲ್ಲ ಎಂದು ಸಾಕ್ಷಿ ಹೇಳುವವರು ಬದುಕುಳಿದವರು ಮಾತ್ರ ಎಂಬುದನ್ನೂ ಮರೆಯಬಾರದು.

ಆದರೆ ಈ ಆಕ್ಷೇಪದ ಹಿಂದೆ ಇನ್ನೊಂದು ಅಡಗಿದೆ: ಆಗುವುದು ದೈವೇಚ್ಛೆ, ಮನುಷ್ಯ ಎಷ್ಟಕ್ಕೆಂದು ಹೆದರಬೇಕು? ಇದಕ್ಕೆ ಉತ್ತರ ನಮ್ಮದೇ ಧರ್ಮಶಾಸ್ತ್ರದಲ್ಲಿ ಸಿಗುತ್ತದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ಕನ್ನಡ ನೆಲದಲ್ಲಿ, ವಿಜ್ಞಾನೇಶ್ವರ ಮಿತಾಕ್ಷರ ಬರೆದ. ಅದು ಯಾಜ್ಞವಲ್ಕ್ಯಸ್ಮೃತಿಯ ವ್ಯಾಖ್ಯಾನ. ಆ ಸ್ಮೃತಿಯಲ್ಲಿ ಎರಡು ಕಡೆ ನಮ್ಮ ಪ್ರಶ್ನೆಗೆ ಬೆಳಕಿದೆ. ಗೃಹಸ್ಥಧರ್ಮ ಹೇಳುವಲ್ಲಿ, ಮನೆಯವರು ಉಣ್ಣುವ ಮೊದಲು ಯಾರಿಗೆ ಉಣಿಸಬೇಕೆಂಬ ಪಟ್ಟಿಯಲ್ಲಿ ಮೊದಲ ಸ್ಥಾನ ಬಾಲಕರಿಗೆ. ದಂಪತಿಗಳಿಗೆ ಎಲ್ಲರೂ ಉಂಡು ಉಳಿದದ್ದು. ವ್ಯವಹಾರ ಹೇಳುವಲ್ಲಿ, ನಂಬಿ ಒಪ್ಪಿಸಿದ ವಸ್ತುವನ್ನು ಕೊಟ್ಟ ಹಾಗೆಯೇ ಹಿಂದಿರುಗಿಸಬೇಕು. ರಾಜನಿಂದ, ದೈವದಿಂದ, ಕಳ್ಳರಿಂದ ನಷ್ಟವಾದರೆ ಮಾತ್ರ ಇಟ್ಟುಕೊಂಡವರು ಹೊಣೆಯಲ್ಲ. ಮಗು ವಸ್ತುವಲ್ಲ, ನಿಜ. ಆದರೆ ಬೆಳಿಗ್ಗೆ ಬಾಗಿಲಲ್ಲಿ ತಾಯಿ ಒಪ್ಪಿಸಿ ಹೋಗುವ ವಿಶ್ವಾಸ ಒಡವೆ ಒಪ್ಪಿಸುವ ವಿಶ್ವಾಸಕ್ಕಿಂತ ಕಡಿಮೆಯದಲ್ಲ. ದೈವದ ವಿನಾಯಿತಿ ಇರುವುದು ಮೊದಲೇ ಕಾಣಲಾಗದ, ತಡೆಯಲಾಗದ ಕೇಡಿಗೆ. ಗೊತ್ತಿರುವ ಅಪಾಯವನ್ನು ಬಟ್ಟಲಿಗೆ ಹಾಕಿ ಅದರ ಫಲವನ್ನು ದೈವದ ಮೇಲೆ ಹೊರಿಸುವುದು ದೈವಭಕ್ತಿಯಲ್ಲ. ತನ್ನ ಮಗುವಿನ ವಿಷಯದಲ್ಲಿ ತಾಯಿ ಒಂದಿಷ್ಟು ಧೈರ್ಯ ಮಾಡಿಯಾಳು. ಪರರ ಮಗುವಿನ ಮೇಲೆ ಆ ಧೈರ್ಯ ಮಾಡುವ ಹಕ್ಕು ನೋಡಿಕೊಳ್ಳುವವರಿಗಿಲ್ಲ.

ಕೊನೆಯದಾಗಿ, ಹೆದರಿಕೆಯಿಂದ ಮಕ್ಕಳನ್ನು ಒಳ್ಳೆಯ ಆಹಾರದಿಂದ ದೂರ ಇಡುತ್ತಿದ್ದೇವೆಂಬ ವೈದ್ಯಕೀಯ ಆಕ್ಷೇಪ. ಇದರಲ್ಲಿ ತಿರುಳಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67.1ರಷ್ಟು ಮಂದಿಗೆ ರಕ್ತಹೀನತೆ ಇದೆ. ಆದರೆ ಹತ್ತು ಗ್ರಾಂ ಒಣದ್ರಾಕ್ಷಿಯಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇರುವುದಿಲ್ಲ, ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ ಬೇಕಾದದ್ದು ಸುಮಾರು ಎಂಟು. ಆ ಕೊರತೆಯನ್ನು ಕಿಸ್ಮಿಸ್ ತುಂಬಲಾರದು. ರಾಗಿ ಸರಿ, ಬೇಳೆ, ಸೊಪ್ಪು, ಒಪ್ಪುವ ಮನೆಗಳಲ್ಲಿ ಮೊಟ್ಟೆ, ವೈದ್ಯರು ಹೇಳಿದರೆ ಕಬ್ಬಿಣದ ಔಷಧ ತುಂಬಬೇಕು. ಹಾಗೆಂದು ಒಣಹಣ್ಣಿಗೆ ಬದಲಾಗಿ ಬಿಸ್ಕತ್ತಿನ ಪೊಟ್ಟಣ ಒಡೆಯುವುದು ಇನ್ನೂ ಕೆಟ್ಟ ದಾರಿ. ಒಣಹಣ್ಣನ್ನು ಕಾಯಿಸಿ ಆರಿಸಿದ ನೀರಿನಲ್ಲಿ, ದೆಹಲಿಯ ಬೇಸಿಗೆಯಲ್ಲಿ ಹುಳಿಯದಂತೆ ಫ್ರಿಜ್ಜಿನೊಳಗಿಟ್ಟು ನೆನೆಸಿ, ಬೀಜ ತೆಗೆದು, ನುಣ್ಣಗೆ ಅರೆದು ಸರಿಗೋ ಮೊಸರಿಗೋ ಕಲಸಿದರೆ ಸಕ್ಕರೆ ಬೇಕಾಗುವುದಿಲ್ಲ. ನಡುಹೊತ್ತಿನ ತಿಂಡಿಯಾಗಿ ಅಲ್ಲದೆ ಊಟದ ಜೊತೆಗೆ ಕೊಟ್ಟರೆ ಹಲ್ಲಿಗೂ ಒಳ್ಳೆಯದು. ನಾಲ್ಕು ದಾಟಿದವರಿಗೆ ನೆನೆದದ್ದನ್ನು ಸಣ್ಣಗೆ ಹೆಚ್ಚಿ, ಕೂರಿಸಿ, ಕಣ್ಣೆದುರೇ ತಿನ್ನಿಸಬಹುದು. ಹಬ್ಬದ ಮೇವಾ ಡಬ್ಬಿ ಬಂದರೆ ದೇವರ ಮುಂದಿಟ್ಟು, ಮಕ್ಕಳಿಂದ ಕೈಮುಗಿಸಿ, ಸಂಜೆ ಕರೆದೊಯ್ಯಲು ಬರುವ ಅಪ್ಪನಿಗೋ ಅಮ್ಮನಿಗೋ ಅವರವರ ಮಗುವಿನ ಪಾಲನ್ನು ಪೊಟ್ಟಣ ಕಟ್ಟಿ ಕೊಡಬೇಕು. ಯಾವ ವಯಸ್ಸಿಗೆ ಹೇಗೆ ತಿನ್ನಿಸಬೇಕೆಂದು ಆಗಲೇ ಎರಡು ಮಾತು ಹೇಳಿಬಿಡಬೇಕು, ಹಿಂದಿ ಬರುವವರಿಗೆ ಹಿಂದಿಯಲ್ಲಿ, ನಮ್ಮವರಿಗೆ ಕನ್ನಡದಲ್ಲಿ.