ಜಪವೇಳೆಯ ಅಂತರಾಯ



ಒಂದು ಪ್ರಾತಃಕಾಲ ನಾವು ಗಾಯತ್ರೀಜಪಕ್ಕೆ ಕುಳಿತಿದ್ದಾಗ ಪಕ್ಕದಲ್ಲಿದ್ದ ಮೊಬೈಲು ಸದ್ದುಮಾಡಿತು. ಕೈ ಅತ್ತ ಸರಿಯಿತು, ಎಣಿಕೆ ತಪ್ಪಿತು. ಬಂದಿದ್ದುದು ಯಾರೋ ಕಳುಹಿಸಿದ ಶುಭೋದಯದ ಚಿತ್ರ. ಇದನ್ನು ಕಂಡ ನಮ್ಮ ತೀರ್ಥರೂಪರು ಗದರಲಿಲ್ಲ, “ದೇವರ ಮುಂದೆ ಕುಳಿತು ಯಾರ ಕರೆಗೆ ಓಗೊಟ್ಟೆ?” ಎಂದಷ್ಟೇ ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಮನಸ್ಸು ಗಾಳಿಯಂತೆ ನಿಗ್ರಹಕ್ಕೆ ಸಿಲುಕದೆಂದು ಗೀತೆಯ 6ನೆಯ ಅಧ್ಯಾಯದಲ್ಲಿ ಅರ್ಜುನನು ನಿವೇದಿಸಿದಾಗ ಶ್ರೀಕೃಷ್ಣಪರಮಾತ್ಮನು ತೋರಿದ ಉಪಾಯಗಳು ಎರಡು: ಅಭ್ಯಾಸ ಮತ್ತು ವೈರಾಗ್ಯ. ಸಾವಿರ ಅಂತರಾಯಗಳು ಬಂದರೂ ತಡೆಯಿಲ್ಲದೆ ಹರಿಯುವ ಪ್ರೇಮಪ್ರವಾಹವೇ ಭಕ್ತಿಯೆಂದು ಶ್ರೀಮಜ್ಜಯತೀರ್ಥರು ನ್ಯಾಯಸುಧೆಯಲ್ಲಿ ನಿರೂಪಿಸಿದ್ದಾರೆ. ಒಂದು ಸದ್ದಿಗೇ ಕಡಿದುಹೋಗುವ ನಮ್ಮ ಭಕ್ತಿಯನ್ನು ಏನೆನ್ನೋಣ?

ಪಂಚಾಂಗವೂ ಪ್ರವಚನವೂ ಮೊಬೈಲಿನಲ್ಲಿಯೇ ದೊರೆಯುವ ಈ ಕಾಲದಲ್ಲಿ ಅದನ್ನು ತ್ಯಜಿಸಿರೆಂದು ನಾವು ಹೇಳೆವು. ಸಂಧ್ಯಾವಂದನೆ, ಪೂಜೆ, ಪಾರಾಯಣಗಳ ವೇಳೆ ಅದನ್ನು ಆರಿಸಿ ಬೇರೆ ಕೋಣೆಯಲ್ಲಿ ಇಡೋಣ, ಇದು ಅಭ್ಯಾಸ. ಏಕಾದಶಿಯಂದು ಅನ್ನದೊಡನೆ ಅನಗತ್ಯ ನೋಟವನ್ನೂ ಬಿಡೋಣ, ಇದು ವೈರಾಗ್ಯ. ಉಪವಾಸವೆಂದರೆ ಭಗವಂತನ ಸಮೀಪದಲ್ಲಿ ವಾಸವಲ್ಲವೇ? ಹೊಟ್ಟೆಗೆ ಲಂಘನ, ಕಣ್ಣಿಗೆ ಹಬ್ಬವಾದರೆ ಆ ವಾಸವೆಲ್ಲಿ ಉಳಿಯಿತು?

ಶ್ರೀಕೃಷ್ಣಾರ್ಪಣಮಸ್ತು.