ಬಿಟ್ಟುಹೋದ ವಿದ್ಯಾರ್ಥಿಯ ಹೊಣೆ ಯಾರದು?

ಆರಂಭಿಸಿದ ವಿದ್ಯೆಯನ್ನು ನಡುವೆ ಕೈಬಿಟ್ಟವನನ್ನು ಶ್ರದ್ಧಾಹೀನನೆಂದು ಹಳಿಯುವುದು ಲೋಕದ ವಾಡಿಕೆ. ಬಾಲಕನ ವಿಷಯದಲ್ಲಿ ಈ ಮಾತು ಒಂದಿಷ್ಟು ಸಲ್ಲಬಹುದು. ಗೃಹಕೃತ್ಯ, ಉದ್ಯೋಗಗಳ ನಡುವೆ ಅಂತರ್ಜಾಲದ ಮೂಲಕ ಪಾಠ ಕೇಳುವ ಪ್ರೌಢನ ವಿಷಯದಲ್ಲಾದರೋ ಇದು ಮರುವಿಚಾರಕ್ಕೆ ಅರ್ಹವಾಗಿದೆ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯವೂ ಮೆಸಾಚುಸೆಟ್ಸ್ ತಂತ್ರಶಿಕ್ಷಣ ಸಂಸ್ಥೆಯೂ 2012-13ರಲ್ಲಿ ನಡೆಯಿಸಿದ 17 ಅಂತರ್ಜಾಲ ಪಾಠಕ್ರಮಗಳಿಗೆ 8,41,687 ನೋಂದಣಿಗಳಾದುವು. ಪ್ರಮಾಣಪತ್ರದವರೆಗೆ ಮುಟ್ಟಿದವು 43,196. ಎಂದರೆ ನೂರಕ್ಕೆ ಐದರಷ್ಟು. ಇಷ್ಟನ್ನೇ ನೋಡಿದರೆ ಮಹಾನಷ್ಟವೆಂದು ತೋರುವುದು. ಆದರೆ ಇವುಗಳಲ್ಲಿ 2,92,852 ನೋಂದಣಿಗಳವರು ಪಾಠದ ಬಾಗಿಲನ್ನೇ ತೆರೆದಿರಲಿಲ್ಲ. 35,937ರವರು ಅರ್ಧವನ್ನೋ ಅದಕ್ಕೂ ಮಿಗಿಲಾದುದನ್ನೋ ನೋಡಿಯೂ ಪತ್ರ ಪಡೆಯಲಿಲ್ಲ. ಈ ಎರಡು ವರ್ಗಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೇ?

ಮಾಲ್ಕಮ್ ನೋಲ್ಸ್ ಎಂಬ ಅಮೆರಿಕದ ಪಂಡಿತನು 1970ರ ತನ್ನ ಗ್ರಂಥದಲ್ಲಿ ಬಾಲಶಿಕ್ಷಣಕ್ಕೂ ಪ್ರೌಢಶಿಕ್ಷಣಕ್ಕೂ ಭೇದವನ್ನೆಣಿಸಿದನು. ಪ್ರೌಢನು ತನ್ನನ್ನು ತಾನೇ ನಡೆಯಿಸಿಕೊಳ್ಳಬಯಸುವನು. ಅನುಭವದ ಗಂಟನ್ನು ಹೊತ್ತೇ ಬರುವನು. ಬಾಳಿನಲ್ಲಿ ಎದುರಾದ ಕಾರ್ಯಕ್ಕೆ ಬೇಕಾದುದನ್ನು ಕಲಿಯಲು ಸಿದ್ಧನಾಗುವನು. ಕಲಿತುದನ್ನು ಒಡನೆಯೇ ಬಳಸಲೆಳಸುವನು. ಏಕೆ ಕಲಿಯಬೇಕೆಂಬುದನ್ನು ಅವನಿಗೆ ಮೊದಲು ತಿಳಿಸಬೇಕೆಂಬುದನ್ನು ನೋಲ್ಸನು ತರುವಾಯ ಸೇರಿಸಿದನು. ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನವೆಂಬ ಅನುಬಂಧಚತುಷ್ಟಯವನ್ನು ಶಾಸ್ತ್ರಾರಂಭದಲ್ಲಿಯೇ ಹೇಳುವ ಪದ್ಧತಿಯನ್ನು ಬಲ್ಲವರಿಗೆ ಇದು ತೀರ ಹೊಸದೆನಿಸದು.

ಹೀಗಿರುವಲ್ಲಿ, ಗುರುಶಿಷ್ಯರು ಎದುರುಬದುರು ಕುಳಿತುಕೊಳ್ಳದ ಈ ಪಾಠದಲ್ಲಿ ಕಲಿಯುವವನ ಉದ್ದೇಶವನ್ನು ಮೊದಲ ದಿನವೇ ಕೇಳಬೇಕು. ದಾದಿಗೆ ಗಣಿತ ಕಲಿಸುವಾಗ ಉದಾಹರಣೆಯು ಔಷಧದ ಪ್ರಮಾಣದಿಂದ ಬರಲಿ. ಅಂಗಡಿಯವನಿಗೆ ಲಾಭನಷ್ಟದಿಂದ ಬರಲಿ. ಪಾಠದ ಒಂದೊಂದು ಭಾಗವೂ ತನ್ನಷ್ಟಕ್ಕೆ ಫಲ ಕೊಡಲಿ. ಮನೆಯಲ್ಲಿ ರೋಗಿಯಿರುವವನಿಗೆ ಅಭ್ಯಾಸ ಒಪ್ಪಿಸಲು ಹೆಚ್ಚಿನ ಅವಧಿ ದೊರೆಯಲಿ; ಒಪ್ಪಿಸಿದುದಕ್ಕೆ ಮನುಷ್ಯನೊಬ್ಬನ ಉತ್ತರ ಬರಲಿ.

ಶಿಷ್ಯನ ಇಚ್ಛೆಯಂತೆಯೇ ಕಲಿಸಿದರೆ ವಿದ್ಯೆಯ ಶಿಸ್ತು ಉಳಿದೀತೇ ಎಂಬ ಆಕ್ಷೇಪವು ಹುರುಳಿಲ್ಲದುದಲ್ಲ. ನೋಲ್ಸನೇ 1980ರ ಆವೃತ್ತಿಯಲ್ಲಿ ಎರಡು ಕ್ರಮಗಳ ನಡುವಣ ವಿರೋಧವನ್ನು ಸಡಿಲಿಸಿದನು. ವಿಷಯವು ತೀರ ಹೊಸದಾದಾಗ ಪ್ರೌಢನಿಗೂ ಕೈಹಿಡಿದು ನಡೆಯಿಸುವವನು ಬೇಕು. ಪ್ರಯೋಜನವನ್ನು ಬಲ್ಲವನು ಆ ಶಿಸ್ತನ್ನು ತಾನಾಗಿಯೇ ಒಪ್ಪಿಕೊಳ್ಳುವನು.

ಉಳಿಸಿಕೊಳ್ಳುವುದೆಂದರೆ ಕಟ್ಟಿಹಾಕುವುದಲ್ಲ. ದಿನದಿನದ ಎಚ್ಚರಿಕೆಗಳಿಂದಲೂ ಪದಕಗಳ ಆಮಿಷದಿಂದಲೂ ಸಂಖ್ಯೆಯನ್ನು ಹೆಚ್ಚಿಸಬಹುದು. ಅದರಿಂದ ಸಂಸ್ಥೆಗೆ ಕೀರ್ತಿ ಬಂದೀತು, ಶಿಷ್ಯನಿಗೆ ವಿದ್ಯೆ ಬರುವುದೆಂಬ ಭರವಸೆಯಿಲ್ಲ. ಬೇಕಾದುದನ್ನು ಪಡೆದು ಹೊರಟವನು ಕೃತಾರ್ಥನು. ಸಂದೇಹವನ್ನು ಕೇಳಲು ಯಾರೂ ಇಲ್ಲದೆ, ತನ್ನನ್ನೇ ದಡ್ಡನೆಂದೆಣಿಸಿ ಹೊರಟವನಿಗಾದರೋ, ಗುರುವು ಇನ್ನೂ ಋಣಿ.